ಪುಣೆಯಲ್ಲಿ ಉಡುಪಿ ಅಂದರೆ ಊರಲ್ಲ

ಪುಣೆಯ ಮರಾಠಿಯಲ್ಲಿ 'ಉಡಪಿ' ಅನ್ನುವುದು ಊರಿನ ಹೆಸರಲ್ಲ, ಮನುಷ್ಯನ ಹೆಸರು. "ಚಲ, ಉಡಪ್ಯಾಕಡೆ ಜಾಊ" ಅಂದರೆ ರೈಲು ಹತ್ತಿ ಕೃಷ್ಣನ ದರ್ಶನಕ್ಕೆ ಹೋಗೋಣ ಅಂತಲ್ಲ. ಮೂಲೆಯ ಹೋಟೆಲಿನಲ್ಲಿ ಒಂದು ಇಡ್ಲಿ-ವಡೆ ಹೊಡೆದು ಬರೋಣ ಅಂತ. ಹೋಟೆಲಿನ ಮಾಲೀಕ ಕುಂದಾಪುರದವನಿರಲಿ, ಕಾರ್ಕಳದವನಿರಲಿ, ಬಂಟ್ವಾಳದವನಿರಲಿ, ಅವನು 'ಉಡಪಿ'ಯೇ. ಒಂದು ಊರಿನ ಹೆಸರು ಹೀಗೆ ಇನ್ನೊಂದು ಭಾಷೆಯಲ್ಲಿ ಕಸುಬಿನ ಹೆಸರಾಗಿ ಸವೆಯಬೇಕಾದರೆ ಅದರ ಹಿಂದೆ ಎಷ್ಟು ಜನ, ಎಷ್ಟು ವರ್ಷ ದುಡಿದಿರಬೇಕು ನೋಡಿ! ಇಡ್ಲಿ ತಿನ್ನುವಾಗ ಯಾರೂ ಇದನ್ನು ಯೋಚಿಸುವುದಿಲ್ಲ. ಯೋಚಿಸುತ್ತಾ ಕೂತರೆ ಇಡ್ಲಿ ಆರಿಹೋಗುತ್ತದೆ, ಅದೂ ನಿಜವೇ.

ಮೊದಲು ಪುಣೆಯ ಕಥೆ. ಹೊರಗೆ ತಿನ್ನುವುದು ಈ ಊರಿಗೆ ಸುಲಭವಾಗಿ ಬಂದ ಅಭ್ಯಾಸವಲ್ಲ. 1890ರ ಅಕ್ಟೋಬರಿನಲ್ಲಿ ಇಲ್ಲಿನ ಪಂಚಹೌದ್ ಮಿಷನ್ನಿನಲ್ಲಿ ಒಂದು ಸಭೆ ನಡೆಯಿತು. ಊರಿನ ದೊಡ್ಡವರೆಲ್ಲ ಹೋಗಿದ್ದರು. ನ್ಯಾಯಮೂರ್ತಿ ರಾನಡೆ, ಲೋಕಮಾನ್ಯ ತಿಲಕ್, ಗೋಪಾಲಕೃಷ್ಣ ಗೋಖಲೆ... ಸಭೆ ಮುಗಿದ ಮೇಲೆ ಚಹಾ, ಬಿಸ್ಕತ್ತು ಬಂತು. ಕೆಲವರು ಕುಡಿದರು, ಕೆಲವರು ಕಪ್ಪನ್ನು ಮುಟ್ಟಿ ಕೆಳಗಿಟ್ಟರು. ಗೋಪಾಳರಾವ್ ಜೋಶಿ ಎಂಬ ಮಹಾಶಯರು (ಅಮೆರಿಕಕ್ಕೆ ಹೋಗಿ ವೈದ್ಯೆಯಾಗಿ ಬಂದ ಆನಂದಿಬಾಯಿ ಜೋಶಿಯವರ ಪತಿ) ಅಲ್ಲಿದ್ದವರ ಹೆಸರುಗಳನ್ನೆಲ್ಲ 'ಪುಣೆ ವೈಭವ' ಪತ್ರಿಕೆಯಲ್ಲಿ ಹಾಕಿಸಿಬಿಟ್ಟರು. ಊರೇ ಗದ್ದಲವೆದ್ದಿತು. ಮಿಷನರಿಗಳ ಕೈಯ ಚಹಾ ಕುಡಿದ ಬ್ರಾಹ್ಮಣರ ವಿಚಾರ ಶಂಕರಾಚಾರ್ಯ ಪೀಠದವರೆಗೂ ಹೋಯಿತು. ಕೊನೆಗೆ ರಾನಡೆಯವರೂ ತಿಲಕರೂ ಪ್ರಾಯಶ್ಚಿತ್ತ ಮಾಡಿಕೊಂಡಿದ್ದರಿಂದ ಪ್ರಕರಣ ತಣ್ಣಗಾಯಿತು. ಒಂದು ಕಪ್ ಚಹಾಕ್ಕೆ ಇಷ್ಟೆಲ್ಲ!

ಅಂಥ ಊರಿನಲ್ಲಿ ಹೋಟೆಲು ನಡೆಸುವುದೆಂದರೆ ತಮಾಷೆಯಲ್ಲ. ಪರವೂರಿನಿಂದ ಓದಲು ಬಂದವರಿಗೆ, ನೌಕರಿಗೆ ಬಂದ ಒಂಟಿ ಗಂಡಸರಿಗೆ ಖಾನಾವಳಿಗಳಿದ್ದವು. ತಿಂಗಳ ಹಣ ಕೊಟ್ಟು, ಗೊತ್ತಿರುವ ಮನೆಯ ಪಡಸಾಲೆಯಲ್ಲಿ ಉಣ್ಣುವ ಏರ್ಪಾಡು ಅದು. ಆದರೆ ಯಾರು ಬೇಕಾದರೂ ಒಳಗೆ ಬಂದು, ಸಿಕ್ಕ ಕುರ್ಚಿಯಲ್ಲಿ ಕೂತು, ಗುರುತಿಲ್ಲದವರ ಪಕ್ಕದಲ್ಲೇ ತಿಂದು, ದುಡ್ಡು ಕೊಟ್ಟು ಎದ್ದುಹೋಗುವ ಜಾಗ ಬೇರೆ. ಅದನ್ನು ಈ ಊರಿಗೆ ಬಹುಮಟ್ಟಿಗೆ ಕಲಿಸಿದವರು ಹೊರಗಿನವರು. ಇರಾನಿನಿಂದ ಬಂದವರು ಬನ್-ಮಸ್ಕಾ, ಚಹಾದ ಕೆಫೆಗಳನ್ನು ತೆರೆದರು. ಡೆಕ್ಕನ್ ಜಿಮಖಾನಾದ ಗುಡ್‌ಲಕ್ ಕೆಫೆ 1935ರದ್ದು. ರಾಜಸ್ಥಾನ, ಗುಜರಾತಿನ ಕಡೆಯಿಂದ ಬಂದ ಬ್ರಾಹ್ಮಣ ಕುಟುಂಬಗಳು ಹಿತ್ತಾಳೆ ಪಾತ್ರೆಯಲ್ಲಿ ಶುಂಠಿ-ಏಲಕ್ಕಿ ಚಹಾ ಕುದಿಸುವ 'ಅಮೃತತುಲ್ಯ' ಅಂಗಡಿಗಳನ್ನು ಇಟ್ಟವು. ಮೂರನೆಯವರು ನಮ್ಮ ಉಡುಪಿಯವರು.

ಉಡುಪಿಯವರೇ ಯಾಕೆ? ಎಂಟು ಮಠಗಳು, ಎರಡು ವರ್ಷಕ್ಕೊಮ್ಮೆ ಪರ್ಯಾಯ, ದಿನವೂ ನೂರಾರು ಸಾವಿರಾರು ಜನಕ್ಕೆ ಊಟ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದೆ ಅಷ್ಟು ಜನಕ್ಕೆ ರುಚಿಯಾಗಿ ಬೇಯಿಸುವ ವಿದ್ಯೆ ಅಲ್ಲಿನ ಶಿವಳ್ಳಿ ಬ್ರಾಹ್ಮಣರಿಗೆ ಕರಗತವಾಗಿತ್ತು. ವಿದ್ಯೆ ಇತ್ತು, ಮನೆಯಲ್ಲಿ ಅನ್ನ ಸಾಲದು. ಹಾಗಾಗಿ ಹೊರಟರು. ಉಡುಪಿಯ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದು ಮುಂದೆ ಎಂಟಿಆರ್ ಆಯಿತು. ಕೆ. ಕೃಷ್ಣರಾಯರು ಮದ್ರಾಸಿನಲ್ಲಿ ಚಿಕ್ಕ ಕೆಲಸದಿಂದ ಶುರುಮಾಡಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಅಡುಗೆಯವನು ಬ್ರಾಹ್ಮಣ ಎಂಬ ಒಂದೇ ಕಾರಣಕ್ಕೆ ಮಡಿವಂತರೂ ಬಂದು ಕೂರುತ್ತಿದ್ದರು. ಪಂಚಹೌದಿನ ಗಂಟು ಬಿಚ್ಚಿಕೊಂಡಿದ್ದು ಹೀಗೆ. ಬ್ರಾಹ್ಮಣ ಅಡುಗೆ, ಆದರೆ ಅಂಗಡಿಯ ವ್ಯವಹಾರ.

ಇದರಲ್ಲಿ ಹೆಮ್ಮೆಪಡುವ ಭಾಗದಷ್ಟೇ ನಾಚಿಕೆಪಡುವ ಭಾಗವೂ ಇದೆ. ಮದ್ರಾಸಿನಲ್ಲೂ ಬೇರೆ ಕಡೆಗಳಲ್ಲೂ ಎಷ್ಟೋ ಹೋಟೆಲುಗಳು ಬ್ರಾಹ್ಮಣರಿಗೇ ಬೇರೆ ಜಾಗ ಇಟ್ಟಿದ್ದವು, ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ನಮ್ಮ ಸಂವಿಧಾನದ 15ನೇ ವಿಧಿಯನ್ನು ಓದಿ ನೋಡಿ. ಅಂಗಡಿ, ಉಪಾಹಾರಗೃಹ, ಹೋಟೆಲುಗಳಿಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಅಂತ ಹೆಸರು ಹಿಡಿದು ಬರೆದಿದ್ದಾರೆ. ದೇಶದ ಮೂಲ ಕಾನೂನಿನಲ್ಲಿ ಹೋಟೆಲಿನ ಮಾತು ಬರಬೇಕಾದರೆ ಹೋಟೆಲಿನ ಬಾಗಿಲಲ್ಲಿ ಎಷ್ಟು ಜನ ಅವಮಾನಪಟ್ಟಿರಬೇಕು! 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂದ ಮೇಲೆ ಅದು ಶಿಕ್ಷೆಯ ಅಪರಾಧವಾಯಿತು. ಅಷ್ಟಾದರೂ ಮದ್ರಾಸಿನಲ್ಲಿ 1957ರಲ್ಲಿ ಪೆರಿಯಾರ್ ಅನುಯಾಯಿಗಳು ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಪದ ತೆಗೆಸಲು ಚಳವಳಿ ಮಾಡಬೇಕಾಯಿತು. ಇವತ್ತು ನಾವು ಯಾರ ಪಕ್ಕದಲ್ಲಿ ಕೂತಿದ್ದೇವೆ ಅಂತ ಕೇಳದೆ ದೋಸೆ ತಿನ್ನುತ್ತೇವಲ್ಲ, ಅದು ತಾನಾಗಿ ಬಂದದ್ದಲ್ಲ.

ಈಗ ಪುಣೆಯ ಉಡುಪಿಗೆ ಬರೋಣ. ಫರ್ಗ್ಯುಸನ್ ಕಾಲೇಜು ರಸ್ತೆಯ 'ವೈಶಾಲಿ' ಗೊತ್ತಿಲ್ಲದ ಪುಣೇಕರ ಇಲ್ಲ. ಅದನ್ನೂ ಅದೇ ರಸ್ತೆಯ 'ರೂಪಾಲಿ'ಯನ್ನೂ, 'ಆಮ್ರಪಾಲಿ'ಯನ್ನೂ ಬೆಳೆಸಿದವರು ಜಗನ್ನಾಥ ಶೆಟ್ಟರು. ಉಡುಪಿಯ ಕಡೆಯ ಹಳ್ಳಿಯಿಂದ ಎಳೆಯ ವಯಸ್ಸಿನಲ್ಲೇ ಮುಂಬಯಿ ಹತ್ತಿರದ ಕಲ್ಯಾಣಕ್ಕೆ ಬಂದು ಸಂಬಂಧಿಕರ ಹೋಟೆಲಿನಲ್ಲಿ ಕೆಲಸಕ್ಕೆ ನಿಂತವರು. ಆಗಿನ ಸಂಬಳ ತಿಂಗಳಿಗೆ 3 ರೂಪಾಯಿ ಎಂಬುದು ಪತ್ರಿಕೆಗಳು ಮತ್ತೆ ಮತ್ತೆ ಬರೆದ ಸಂಗತಿ. 1950ರ ಆಸುಪಾಸಿಗೆ ಪುಣೆಗೆ ಬಂದರು. ವೈಶಾಲಿಗೆ ಮೊದಲಿದ್ದ ಹೆಸರು 'ಮದ್ರಾಸ್ ಹೆಲ್ತ್ ಹೋಮ್'. ಇವತ್ತಿನ ಹುಡುಗರಿಗೆ ಈ ಹೆಸರು ಆಸ್ಪತ್ರೆಯಂತೆ ಕೇಳಿಸಬಹುದು.

ಉಡುಪಿಯವರ ಹೋಟೆಲಿಗೆ ಮದ್ರಾಸಿನ ಹೆಸರು ಯಾಕೆ? ಉತ್ತರದವರಿಗೆ ದಕ್ಷಿಣವೆಲ್ಲ ಮದ್ರಾಸೇ ಆಗಿತ್ತು, ಅದೊಂದು. ಆದರೆ ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಆಗ ಉಡುಪಿ ನಿಜವಾಗಿಯೂ ಮದ್ರಾಸಿಗೆ ಸೇರಿತ್ತು. ಬ್ರಿಟಿಷರು 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು, ದಕ್ಷಿಣ ಕನ್ನಡವನ್ನು ಮದ್ರಾಸಿನಲ್ಲೇ ಉಳಿಸಿಕೊಂಡರು. ಧಾರವಾಡ, ಬೆಳಗಾವಿ, ಬಿಜಾಪುರ ಮೊದಲಿನಿಂದಲೂ ಮುಂಬಯಿಯವು. 1956ರ ನವೆಂಬರ್ 1ರವರೆಗೆ ಹೀಗೇ ಇತ್ತು.

ಇದರ ಅರ್ಥ ಏನಾಯಿತು ನೋಡಿ. ನಾನು ಧಾರವಾಡ ಜಿಲ್ಲೆಯವನು. ನನ್ನ ಅಜ್ಜನ ಕಾಲದ ಧಾರವಾಡದವನಿಗೆ ಪುಣೆ ಪರರಾಜ್ಯವಲ್ಲ, ಸ್ವಂತ ಪ್ರಾಂತ್ಯದ ದೊಡ್ಡ ಊರು. ಓದಬೇಕೆಂದರೆ ಗಾಡಿ ಹತ್ತಿ ಪುಣೆಗೇ ಬರುವುದು. ಬೇಂದ್ರೆಯವರು 1910ರ ದಶಕದಲ್ಲಿ ಓದಿದ್ದು ಇದೇ ಫರ್ಗ್ಯುಸನ್ ಕಾಲೇಜಿನಲ್ಲಿ. ವಿ.ಕೃ. ಗೋಕಾಕರು 1930ರ ದಶಕದಲ್ಲಿ ಪಾಠ ಹೇಳಿದ್ದೂ ಅಲ್ಲೇ. ಅದೇ ಕಾಲೇಜಿನ ರಸ್ತೆಯಲ್ಲಿ ಮುಂದೆ ಅಂಗಡಿ ಇಟ್ಟ ಉಡುಪಿಯ ಹುಡುಗ ಮಾತ್ರ 'ಮದ್ರಾಸಿ'. ಇಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ, ಆದರೆ ಸರಕಾರದ ಲೆಕ್ಕದಲ್ಲಿ ಒಬ್ಬ ಮನೆಯವನು, ಇನ್ನೊಬ್ಬ ಹೊರಗಿನವನು. 1956 ಬಂದಿದ್ದೇ ತಡ, ಧಾರವಾಡ-ಉಡುಪಿ ಒಂದೇ ರಾಜ್ಯವಾದವು, ಪುಣೆಯಲ್ಲಿ ಇಬ್ಬರೂ ಹೊರಗಿನವರಾದರು. ಏಕೀಕರಣದ ಬಗ್ಗೆ ನಾವು ಬೇಕಾದಷ್ಟು ಭಾಷಣ ಕೇಳಿದ್ದೇವೆ. ಇದನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ.

ಈಗಲೂ ಆ ಗಡಿ ಪೂರ್ತಿ ಅಳಿಸಿಲ್ಲ. ಗಲ್ಲೆಯ ಮೇಲೆ ಕೂತವರು ಒಳಗಿನ ಭಟ್ಟರ ಜೊತೆ ಮಾತಾಡುವುದು ತುಳುವಿನಲ್ಲಿ. ನಮ್ಮ ಜೊತೆ ಪುಸ್ತಕದ ಹಾಗೆ ಬಿಡಿಸಿದ ಕನ್ನಡ. "ಊರೆಲ್ಲಿ ಆಯ್ತು ಮಾರಾಯ್ರೆ?" ಅಂತ ಕೇಳಿ, "ಧಾರವಾಡ್ರೀ" ಅಂದರೆ, "ಓ... ಘಟ್ಟದ ಮೇಲೆ!" ಅನ್ನುತ್ತಾರೆ. ಅವರಿಗೆ ನಾವು ಘಟ್ಟದವರು, ನಮಗೆ ಅವರು ಮಂಗಳೂರಿನವರು, ಮರಾಠಿಯವರಿಗೆ ನಾವಿಬ್ಬರೂ 'ಅಣ್ಣಾ'. ನಮ್ಮನ್ನು ಒಂದು ಮಾಡಿದ್ದು ಆ ಕರೆಯೇ ಇರಬಹುದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಕರೆ ಯಾವಾಗಲೂ ಸಲಿಗೆಯದಾಗಿರಲಿಲ್ಲ. 1966ರ ಜೂನಿನಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿತು. ಅದಕ್ಕೂ ಮೊದಲೇ 'ಮಾರ್ಮಿಕ' ವಾರಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿ ಹಾಕುತ್ತಿತ್ತು. 'ಲುಂಗಿ ಹಟಾವ್' ಕೂಗೆದ್ದಿತು. ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟ ಮೇಲೆ ಬೆಳಗಾವಿಯ ಸಿಟ್ಟೂ ಸೇರಿಕೊಂಡು 1969ರ ಫೆಬ್ರವರಿಯಲ್ಲಿ ಮುಂಬಯಿ ಹೊತ್ತಿ ಉರಿಯಿತು. ಬೆಳಗಾವಿ ಯಾರದ್ದು ಅನ್ನುವ ಜಗಳಕ್ಕೂ ಇಡ್ಲಿ ಹಿಟ್ಟಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಸಿಟ್ಟು ಬಂದವನ ಕೈಗೆ ಸಿಗುವುದು ಬಾಗಿಲು ತೆರೆದ ಹೋಟೆಲೇ. ಇಡ್ಲಿ-ದೋಸೆಗೆ ಪ್ರತಿಯಾಗಿ ಮರಾಠಿ ಹುಡುಗರು ವಡಾಪಾವಿನ ಗಾಡಿ ಇಡಲಿ ಎಂಬ ಪ್ರಚಾರವೂ ನಡೆಯಿತು. 1995ರಲ್ಲಿ ಅಧಿಕಾರಕ್ಕೆ ಬಂದ ಸೇನೆ-ಬಿಜೆಪಿ ಸರಕಾರ 1 ರೂಪಾಯಿಗೆ ಝುಣಕಾ-ಭಾಕರಿ ಕೊಡುವ ಕೇಂದ್ರಗಳನ್ನು ತೆರೆಯಿತು. ಆ ಕೇಂದ್ರಗಳು ಹೆಚ್ಚು ದಿನ ಬಾಳಲಿಲ್ಲ. ವಡಾಪಾವ್ ಮಾತ್ರ ಗೆದ್ದಿತು. ಈಗ ಉಡುಪಿ ಹೋಟೆಲುಗಳ ಮೆನುವಿನಲ್ಲೂ ಅದು ಕಾಣಿಸುತ್ತದೆ, ಅವರಿಗೇನು, ಗಿರಾಕಿ ಕೇಳಿದ್ದನ್ನು ಕೊಡುವುದು ಕಸುಬು!

ಈ ಕೊಡುವ ಗುಣದಿಂದಲೇ ಪುಣೆಯ ಉಡುಪಿ ಬೇರೆಯಾಗಿದ್ದು. ಸಾಂಬಾರು ಇಲ್ಲಿ ಸಿಹಿಯ ಕಡೆಗೆ ವಾಲಿತು, ಮರಾಠಿ ನಾಲಿಗೆಯ ಬೆಲ್ಲದ ಆಸೆಗೆ. ವೈಶಾಲಿಯ ಹೆಸರು ಹೇಳಿದರೆ ಕಾಲೇಜು ಹುಡುಗರಿಗೆ ನೆನಪಾಗುವುದು ದೋಸೆಗಿಂತ ಮೊದಲು 'ಎಸ್‌ಪಿಡಿಪಿ', ಅಂದರೆ ಸೇವ್-ಬಟಾಟಾ-ದಹಿ-ಪುರಿ. ಅದು ಉಡುಪಿಯದಲ್ಲ, ಮದ್ರಾಸಿನದಂತೂ ಅಲ್ಲವೇ ಅಲ್ಲ. ಪುಣೆಯವರಿಗೆ ಸಾಂಬಾರಿನ ಮೇಲೂ ಒಂದು ಹಕ್ಕುಂಟು. ತಂಜಾವೂರಿನ ಮರಾಠಾ ಅರಮನೆಯಲ್ಲಿ ಸಂಭಾಜಿಯ ಗೌರವಕ್ಕೆ ಮಾಡಿದ ಆಮಟಿಯೇ ಸಾಂಬಾರಾಯಿತು ಅಂತ ಇಲ್ಲಿ ಹೇಳುತ್ತಾರೆ. ಕಥೆ ಚೆನ್ನಾಗಿದೆ, ದಾಖಲೆ ಇಲ್ಲ. ದಾಖಲೆ ಇರುವುದು ಇಡ್ಲಿಗೆ. ಶಿವಕೋಟ್ಯಾಚಾರ್ಯನ ವಡ್ಡಾರಾಧನೆಯಲ್ಲಿ, ಅಂದರೆ ಸುಮಾರು ಕ್ರಿ.ಶ. 920ರಲ್ಲಿ, 'ಇಡ್ಡಲಿಗೆ' ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಇಡ್ಲಿಯೂ ಇದೆ, ದೋಸೆಯೂ ಇದೆ. ಆ ದೊರೆಯ ರಾಜ್ಯದಲ್ಲಿ ಈಗಿನ ಮಹಾರಾಷ್ಟ್ರದ ದೊಡ್ಡ ಭಾಗವೂ ಇತ್ತು. ಹಾಗಾದರೆ ದೋಸೆ ಯಾರದ್ದು? ಮಹಾಜನ್ ಆಯೋಗಕ್ಕೂ ಬಗೆಹರಿಯದ ಪ್ರಶ್ನೆ, ಬಿಡಿ.

ಮಸಾಲೆ ದೋಸೆಯಂತೂ ಇನ್ನೂ ದೂರದ್ದು. ಒಳಗಿನ ಬಟಾಟೆ ದಕ್ಷಿಣ ಅಮೆರಿಕದ ಗುಡ್ಡಗಳದ್ದು. ಚಟ್ನಿಯ ಮೆಣಸಿನಕಾಯಿ, ಸಾಂಬಾರಿನ ಟೊಮೆಟೊ ಮೆಕ್ಸಿಕೋ-ಹೊಂಡುರಾಸ್ ಕಡೆಯವು. ಪೋರ್ಚುಗೀಸರು ಬರುವವರೆಗೆ ನಮ್ಮವರಿಗೆ ಗೊತ್ತಿದ್ದ ಖಾರ ಕಾಳುಮೆಣಸು. ಸಂಪ್ರದಾಯಸ್ಥ ಮಾಧ್ವರ ಮನೆಯ ಶ್ರಾದ್ಧದ ಅಡುಗೆಯಲ್ಲಿ ಬಟಾಟೆ-ಟೊಮೆಟೊ ಇವತ್ತಿಗೂ ಇಲ್ಲ. ಅಂದರೆ ಉಡುಪಿಯ ಹೆಸರಿನಲ್ಲಿ ಜಗತ್ತು ತಿನ್ನುವ ತಿಂಡಿಯೊಳಗೆ ಉಡುಪಿಯ ಮಡಿ ಒಪ್ಪದ ಪದಾರ್ಥಗಳೇ ತುಂಬಿವೆ.

ಹೊಂಡುರಾಸ್ ಅಂದಾಗ ನೆನಪಾಯಿತು. ಆ ಪುಟ್ಟ ದೇಶದವರಿಗೂ ನಮ್ಮ ಉಡುಪಿಯಂಥ ಕಥೆಯೊಂದು ಉಂಟು. ಅಲ್ಲಿನ ಬಾಳೆಹಣ್ಣು ಹಡಗಿನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿಗೆ ಹೋಗುತ್ತಿತ್ತು, ಹಣ್ಣಿನ ಹಿಂದೆ ಜನವೂ ಹೋದರು. 1998ರಲ್ಲಿ 'ಮಿಚ್' ಚಂಡಮಾರುತ ಊರೂರನ್ನೇ ತೊಳೆದ ಮೇಲೆ ಇನ್ನೂ ಬಹಳ ಜನ ಅಮೆರಿಕ ಸೇರಿದರು. ಅವರು ಅಲ್ಲಿನ ಊರುಗಳಲ್ಲಿ ನಡೆಸುವ ಸಣ್ಣ ಹೋಟೆಲುಗಳಲ್ಲಿ 'ಬಲೆಯಾಡಾ' ಅಂತ ಒಂದು ತಿಂಡಿ ಇರುತ್ತದೆ. ಮೈದಾ ರೊಟ್ಟಿಯೊಳಗೆ ಅರೆದ ಕೆಂಪು ಹುರುಳಿಕಾಯಿ ಬೀಜ, ಚೀಸು, ಕೆನೆ ಹಾಕಿ ಮಡಚಿದ್ದು. ನಮ್ಮ ಮಸಾಲೆ ದೋಸೆಯ ದೂರದ ತಮ್ಮ! ಅಮೆರಿಕದಲ್ಲಿರುವ ಕನ್ನಡಿಗರು ಯಾರಾದರೂ ಅಂಥ ಹೋಟೆಲು ಕಂಡರೆ ಒಳಗೆ ಹೋಗಿ ಕೂತು ನೋಡಿ. ಅಲ್ಲಿಯ ಜನರನ್ನೆಲ್ಲ ಅಮೆರಿಕದವರು 'ಮೆಕ್ಸಿಕನ್' ಅಂತಲೇ ಕರೆಯುವುದೂ ನಮ್ಮ 'ಮದ್ರಾಸಿ'ಯ ಹಾಗೆಯೇ.

ಇಷ್ಟೆಲ್ಲ ಹೇಳಿ ಹುಡುಗರ ಮಾತು ಬಿಟ್ಟರೆ ಈ ಚರಿತ್ರೆ ಅರ್ಧ ಸುಳ್ಳಾಗುತ್ತದೆ. ಉಡುಪಿ ಹೋಟೆಲು ನಿಂತಿದ್ದು ಭಟ್ಟರ ಕೈರುಚಿಯ ಮೇಲೆ ಮಾತ್ರವಲ್ಲ, ಮಾಣಿಗಳ ಬೆನ್ನಿನ ಮೇಲೆ. ಎಂಟು-ಹತ್ತು ವರ್ಷದ ಮಕ್ಕಳನ್ನು ಊರಿನ ಯಾರೋ ಸಂಬಂಧಿಕರು ಮಂಗಳೂರಿನಿಂದ ಹಡಗಿನಲ್ಲೋ, ಘಟ್ಟ ಹತ್ತಿ ಬಸ್ಸಿನಲ್ಲೋ ಕರೆತರುತ್ತಿದ್ದರು. (ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ!) ಬೆಳಗಿನ ನಾಲ್ಕಕ್ಕೆ ಎದ್ದು ರುಬ್ಬುವ ಕಲ್ಲಿನ ಮುಂದೆ, ರಾತ್ರಿ ಹನ್ನೊಂದಕ್ಕೆ ಅದೇ ಹೋಟೆಲಿನ ಟೇಬಲ್ಲಿನ ಮೇಲೆ ನಿದ್ದೆ. ಕಪ್ಪು ಒಡೆದರೆ ಸಂಬಳದಲ್ಲಿ ಕಡಿತ. ಅವರಲ್ಲಿ ಯಾರೋ ಒಬ್ಬರು ಜಗನ್ನಾಥ ಶೆಟ್ಟರಾದರು, ನಾವು ಅವರ ಕಥೆ ಹೇಳುತ್ತೇವೆ. ಉಳಿದವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಮುಂಬಯಿಯಲ್ಲಿ ಮೊಗವೀರರೂ ಬಂಟರೂ ಬೇರೆ ಕನ್ನಡ ಸಂಘಗಳೂ ರಾತ್ರಿ ಶಾಲೆ ನಡೆಸಿದವು, ಬೇಸಿನ್ನಿನಿಂದ ಕೈ ತೊಳೆದು ಓಡಿ ಹೋಗಿ ಎಸ್ಸೆಸ್ಸಿ ಮಾಡಿಕೊಂಡ ಎಷ್ಟೋ ಮಾಣಿಗಳು ಬ್ಯಾಂಕು ಸೇರಿದರು. ಹಗಲು ಶಾಲೆ ಕಸಿದುಕೊಂಡಿದ್ದೂ ನಾವೇ, ರಾತ್ರಿ ಶಾಲೆ ಕೊಟ್ಟಿದ್ದೂ ನಾವೇ. ಹೋಟೆಲುಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳಕೂಡದು ಅಂತ ಸರಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಅಷ್ಟು ತಡ!

ಇನ್ನೊಂದು ಅಲೆ ಭೂಸುಧಾರಣೆಯದು. ದೇವರಾಜ ಅರಸರ 1974ರ ಕಾಯ್ದೆಯಿಂದ ಒಕ್ಕಲಿಗೆ ಗದ್ದೆ ಸಿಕ್ಕಿತು, ಗೇಣಿ ನಂಬಿದ್ದ ಬಂಟರ ಮನೆಗಳು ಬರಿದಾದವು. ಒಂದು ಮನೆಯ ಹುಡುಗ ಶಾಲೆಗೆ ಹೋಗಲು ಕಾರಣವಾದ ಕಾಯ್ದೆಯೇ ಇನ್ನೊಂದು ಮನೆಯ ಹುಡುಗನನ್ನು ಪುಣೆಯ ಬಸ್ಸು ಹತ್ತಿಸಿತು. ಮುಂಬಯಿ-ಪುಣೆಯ 'ಉಡುಪಿ'ಗಳಲ್ಲಿ ಶೆಟ್ಟರ ಬಳಗ ಬೆಳೆದದ್ದಕ್ಕೆ ಇದೂ ಒಂದು ಕಾರಣ. ಆ ಹೊತ್ತಿಗೆ ಬ್ರಾಹ್ಮಣನ ಕೈ ಅಡುಗೆ ಎಂಬ ಹೆಸರಿನ ಹಂಗು ಕಳಚಿತ್ತು. ಹಿಂಜವಡಿಯ ಸಾಫ್ಟ್‌ವೇರಿನವನಿಗೆ ಬೇಕಾದದ್ದು ಬೇಗ ಬರುವ ಬಿಸಿ ದೋಸೆ, ದೋಸೆ ಹೊಯ್ದವನ ಗೋತ್ರವಲ್ಲ.

ಜಗನ್ನಾಥ ಶೆಟ್ಟರು 2023ರ ನವೆಂಬರಿನಲ್ಲಿ ತೀರಿಕೊಂಡರು, 91 ವರ್ಷ. ಮರಾಠಿ ಪತ್ರಿಕೆಗಳೂ ಊರಿನ ದೊಡ್ಡವರೂ ಸ್ವಂತ ಮನೆಯವರೊಬ್ಬರು ಹೋದಂತೆ ದುಃಖಪಟ್ಟರು. ಪ್ರಾಯಶ್ಚಿತ್ತದ ಊರು ಒಬ್ಬ ಹೋಟೆಲಿನವರಿಗೆ ಕೊಟ್ಟ ಮರ್ಯಾದೆ ಅದು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು ಅಂದರೆ ನೀವು ನಗಬಾರದು.

ಈಗ ಶೆಟ್ಟರ ಮಕ್ಕಳು, ಭಟ್ಟರ ಮಕ್ಕಳು ಇಂಜಿನಿಯರುಗಳು. ಪುಣೆಯ ಎಷ್ಟೋ ಉಡುಪಿ ಹೋಟೆಲುಗಳಲ್ಲಿ ಇವತ್ತು ದೋಸೆ ಹೊಯ್ಯುವವನು ಒಡಿಶಾದವನು, ಟೇಬಲ್ ಒರೆಸುವವನು ಬಿಹಾರದವನೋ ನೇಪಾಳದವನೋ. ಅವನಿಗೂ ಒಂದು ಊರಿದೆ, ಅದರ ಹೆಸರು ನಮಗೆ ಗೊತ್ತಿಲ್ಲ. ಅವನನ್ನು ಊರವರು ಕರೆಯುವುದು 'ಭಯ್ಯಾ' ಅಂತ. 'ಅಣ್ಣಾ' ಅಂದ ಹಾಗೆಯೇ, ಒಮ್ಮೊಮ್ಮೆ ಪ್ರೀತಿಯಿಂದ, ಒಮ್ಮೊಮ್ಮೆ ಬೇರೆ ದನಿಯಲ್ಲಿ. 2008ರಲ್ಲಿ ಮಹಾರಾಷ್ಟ್ರದಲ್ಲಿ ಉತ್ತರದವರ ಮೇಲೆ ಹಲ್ಲೆಗಳು ನಡೆದಾಗ, ನಮ್ಮ ಸರದಿ ಮುಗಿಯಿತು ಅಂತ ನಿಟ್ಟುಸಿರು ಬಿಟ್ಟ ಕನ್ನಡಿಗರನ್ನು ನಾನು ಬಲ್ಲೆ. ಬೆಂಗಳೂರಿನಲ್ಲಿ ಕೂತು ಅಂಥದೇ ಮಾತಾಡುವ ನೆಂಟರನ್ನೂ ಬಲ್ಲೆ. ಅಂಥವರಿಗೆ ಉಪದೇಶ ಮಾಡಲು ನನಗೆ ಬರುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ: ನೀರಿನ ಲೋಟ ತಂದಿಟ್ಟ ಹುಡುಗನಿಗೆ ಊರು ಯಾವುದು, ಎಷ್ಟು ಓದಿದ್ದೀ ಅಂತ ಕೇಳಿ. ಎಪ್ಪತ್ತು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ನಮ್ಮ ಮಾಣಿಗಳನ್ನು ಹಾಗೆ ಕೇಳಿದ ನಾಲ್ಕು ಮರಾಠಿ ಮೇಷ್ಟ್ರುಗಳಾದರೂ ಇದ್ದಿರಬೇಕು. ಇಲ್ಲದಿದ್ದರೆ ಇಷ್ಟು ಜನ ಇಲ್ಲೇ ಉಳಿಯುತ್ತಿರಲಿಲ್ಲ.